ಮಾನ್ಸೂನ್ಡ್ ಮಲಬಾರ್ ಎಎ: ಹಡಗಿನ ಕಥೆ ಎಷ್ಟು, ಕಾಫಿ ಎಷ್ಟು?

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಕಾಫಿಪುಡಿ ಅಂಗಡಿಗಳಲ್ಲಿ ಪೀಬೆರಿ (ಹಣ್ಣಿನಲ್ಲಿ ಒಂದೇ ಆಗಿ ಬೆಳೆದ ದುಂಡು ಬೀಜ), ಪ್ಲಾಂಟೇಶನ್ ಎ (ಪಲ್ಪ್ ಮಾಡಿ ತೊಳೆದ ಅರೇಬಿಕಾ) ಡಬ್ಬಗಳ ಪಕ್ಕದಲ್ಲಿ ಈಗ ‘ಮಾನ್ಸೂನ್ಡ್ ಮಲಬಾರ್ ಎಎ’ ಪೊಟ್ಟಣವೂ ಇರುತ್ತದೆ. ಮುಂಗಾರಿನ ತೇವಗಾಳಿಗೆ ಒಡ್ಡಿ ಉಬ್ಬಿಸಿದ ಕಾಫಿ ಬೀಜ ಇದು. ಬೆಲೆ ಪ್ಲಾಂಟೇಶನ್‌ಗಿಂತ ಜಾಸ್ತಿ. ಪೊಟ್ಟಣದ ಮೇಲೆ ಹಾಯಿಹಡಗಿನ ಚಿತ್ರ, ಅದರ ಕೆಳಗೆ ಒಂದು ಕಥೆ: ನೂರಾರು ವರ್ಷ ನಮ್ಮ ಕಾಫಿ ಮುಂಗಾರಿನ ಮಳೆಗಾಳಿಯಲ್ಲಿ ನೆನೆಯುತ್ತ ಯುರೋಪಿಗೆ ಹೋಯಿತು, ಅಲ್ಲಿಯವರಿಗೆ ಆ ರುಚಿ ಹಿಡಿಸಿತು ಎಂದು. ಒಳಗಿನ ಮಾಲು ಒಳ್ಳೆಯದು. ಕಥೆ ಅರ್ಧ ಸರಿ. ದುಡ್ಡು ಕೊಡುವವರಿಗೆ ಉಳಿದರ್ಧವೂ ತಿಳಿದಿರಬೇಕು, ಯಾಕೆಂದರೆ ಈ ಬೀಜದ ಗುಣ ದೋಷ ಎರಡೂ ತೋಟದಲ್ಲಿ ಹುಟ್ಟಿದ್ದಲ್ಲ, ಬಂದರಿನಲ್ಲಿ ಹುಟ್ಟಿದ್ದು.

ಮೊದಲು ಮಾಲಿನ ವಿಚಾರ. ಸಾಧ್ಯವಾದರೆ ಹುರಿಯದ ಬೀಜವನ್ನೇ ಕೇಳಿ ನೋಡಿ. ಪ್ಲಾಂಟೇಶನ್ ಬೀಜ ನೀಲಿ ಮಿಶ್ರಿತ ಹಸಿರು, ಗಟ್ಟಿ, ಕೈಯಲ್ಲಿ ಹಿಡಿದರೆ ಕಲ್ಲಿನ ಹರಳಿನಂತೆ ಸದ್ದು ಮಾಡುತ್ತದೆ. ಇದು ಹಾಗಲ್ಲ. ಬಣ್ಣ ಮಾಸಲು ಹಳದಿ, ಬೀಜ ಉಬ್ಬಿ ದುಂಡಗಾಗಿದೆ, ನಡುವಿನ ಸೀಳು ಬಾಯಿ ತೆರೆದಿದೆ, ಉಗುರಿನಲ್ಲಿ ಒತ್ತಿದರೆ ಸ್ವಲ್ಪ ಒಳಗೆ ಹೋಗುತ್ತದೆ. ಎಎ ಎಂದರೆ 7.1 ಮಿಲಿಮೀಟರ್ ತೂತಿನ ಜರಡಿಯ ಮೇಲೆ ನಿಲ್ಲುವ ಗಾತ್ರ. ಉಬ್ಬಿದ ಮೇಲೆ ಜರಡಿ ಹಿಡಿಯುವುದರಿಂದ, ತೋಟದಿಂದ ಹೊರಟಾಗ ಎ ದರ್ಜೆಯಲ್ಲಿದ್ದ ಬೀಜವೂ ಇಲ್ಲಿ ಎಎ ಆಗಬಹುದು. ಅದರಲ್ಲಿ ಮೋಸವೇನಿಲ್ಲ. ಆದರೆ ‘ಎಎ’ ನೋಡಿ ತೋಟದಲ್ಲೇ ದಪ್ಪ ಬೆಳೆದದ್ದು ಅಂದುಕೊಳ್ಳಬೇಡಿ.

ತಯಾರಿಸುವ ಕ್ರಮ ಹೀಗೆ. ಹಣ್ಣನ್ನು ಪಲ್ಪ್ ಮಾಡದೆ ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ ಅರೇಬಿಕಾ ಚೆರ್ರಿಯನ್ನು ಮಾತ್ರ ಇದಕ್ಕೆ ಬಳಸುತ್ತಾರೆ. ಪಲ್ಪ್ ಮಾಡಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಈ ಕೆಲಸಕ್ಕೆ ಬರುವುದಿಲ್ಲ. ಸಿಪ್ಪೆ ಬಿಡಿಸಿ, ಗಾತ್ರ ವಿಂಗಡಿಸಿ, ಕರಾವಳಿಯ ಗೋದಾಮಿಗೆ ಸಾಗಿಸುತ್ತಾರೆ. ಆಗ ಬೀಜದ ತೇವಾಂಶ ಶೇಕಡಾ 10.5ರ ಆಸುಪಾಸು. ಜೂನ್‌ನಲ್ಲಿ ಮುಂಗಾರು ಕೂತ ಮೇಲೆ, ನಾಲ್ಕೂ ಕಡೆ ಗಾಳಿ ಆಡುವ ಗೋದಾಮಿನ ಗಟ್ಟಿ ನೆಲದ ಮೇಲೆ ನಾಲ್ಕರಿಂದ ಆರು ಇಂಚು ದಪ್ಪಕ್ಕೆ ಹರಡಿ, ಮತ್ತೆ ಮತ್ತೆ ಕುಂಟೆ ಆಡಿಸುತ್ತಾರೆ. ಕೆಲವು ದಿನ ಕಳೆದ ಮೇಲೆ ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ, ಸಾಲುಗಳ ನಡುವೆ ಗಾಳಿ ನುಗ್ಗುವಷ್ಟು ಜಾಗ ಬಿಟ್ಟು ನಿಲ್ಲಿಸುತ್ತಾರೆ. ಆಗಾಗ ಚೀಲ ಬಿಚ್ಚಿ, ಸುರಿದು, ಬೆರೆಸಿ, ಮತ್ತೆ ತುಂಬುತ್ತಾರೆ. ಇದು ಮೂರು ನಾಲ್ಕು ತಿಂಗಳ ಕೆಲಸ. ಕೊನೆಗೆ ಹುಳ ಸಾಯಲು ಹೊಗೆ ಹಾಕಿ, ಉಬ್ಬದೆ ಉಳಿದವನ್ನೂ ಕಪ್ಪಾದವನ್ನೂ ಕೈಯಲ್ಲಿ ಆರಿಸಿ ತೆಗೆಯುತ್ತಾರೆ. ಹೊರಗೆ ಬರುವಾಗ ತೇವಾಂಶ 13ರಿಂದ 14.5.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಬೀಜಕ್ಕೆ ಮಳೆ ನೀರು ಒಂದು ಹನಿಯೂ ತಾಗಬಾರದು. ಬೀಜ ಹೀರುವುದು ಗಾಳಿಯ ತೇವವನ್ನು. ನೀರು ತಾಗಿದ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಹುರಿದರೂ ಹೋಗುವುದಿಲ್ಲ. ಇದನ್ನು ಮೂಡಿಗೆರೆಯಲ್ಲೇ ಮಾಡಬಾರದೇಕೆ, ಅಲ್ಲಿ ಮಳೆಗೇನು ಬರವೇ, ಎಂದು ಕೇಳುವವರಿದ್ದಾರೆ. ಮಲೆನಾಡಿನ ಸೋನೆಯಲ್ಲಿ ತೇವ ಬೇಕಾದಷ್ಟಿದೆ, ಬಿಸಿ ಇಲ್ಲ. ಸಮುದ್ರದ ಕಡೆಯಿಂದ ನಿಲ್ಲದೆ ಬೀಸುವ ಬೆಚ್ಚನೆಯ ಗಾಳಿಯೂ ಇಲ್ಲ. ತಣ್ಣಗೆ ನಿಂತ ತೇವದಲ್ಲಿ ಬೀಜ ಉಬ್ಬುವ ಮೊದಲೇ ಬೂಷ್ಟು ಬರುತ್ತದೆ. ಹಾಸನದ ಕಡೆ ಗಾಳಿ ಒಣ, ಅಲ್ಲಿ ಮಾತೇ ಇಲ್ಲ. ಹಾಗಾಗಿ ಚಿಕ್ಕಮಗಳೂರಿನಲ್ಲಿ ಬೆಳೆದ ಬೀಜ ಘಾಟಿ ಇಳಿದು, ಕಡಲ ತಡಿಯಲ್ಲಿ ಮಳೆಗಾಲ ಕಳೆದು, ಮತ್ತೆ ಘಾಟಿ ಹತ್ತಿ ನಮ್ಮ ಅಂಗಡಿಗೆ ಬರುತ್ತದೆ. ಬೆಲೆಯಲ್ಲಿ ಈ ಹೋಗಿಬರುವ ಲಾರಿ ಬಾಡಿಗೆಯೂ ಸೇರಿದೆ.

ಇನ್ನು ಪೊಟ್ಟಣದ ಕಥೆ. ‘ನೂರಾರು ವರ್ಷ’ ಎಂಬುದು ಲೆಕ್ಕಕ್ಕೆ ಸಿಗುವುದಿಲ್ಲ. ಬಾಬಾ ಬುಡನ್ ಯೆಮೆನ್‌ನ ಮೋಖಾ ಬಂದರಿನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರೆಂಬ ಪ್ರತೀತಿ 17ನೇ ಶತಮಾನದ್ದು. ಆದರೆ ನಮ್ಮ ಸೀಮೆಯಲ್ಲಿ ದೊಡ್ಡ ತೋಟಗಳು ಎದ್ದದ್ದು 19ನೇ ಶತಮಾನದಲ್ಲಿ: ಚಿಕ್ಕಮಗಳೂರಿನ ಕಡೆ 1830ರ ಸುಮಾರಿಗೆ, ಮಂಜರಾಬಾದಿನಲ್ಲಿ, ಅಂದರೆ ಸಕಲೇಶಪುರದ ಕಡೆ, 1840ರ ದಶಕದಲ್ಲಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆಮೇಲೆ ಸರಕು ಹಬೆಹಡಗಿಗೆ ತಿರುಗಿತು, ತಿಂಗಳುಗಟ್ಟಲೆಯ ದಾರಿ ವಾರಗಳಿಗೆ ಇಳಿಯಿತು. ಅಂದರೆ ಈ ಸೀಮೆಯ ಕಾಫಿ ರಾಶಿಗಟ್ಟಲೆ ಹಾಯಿಹಡಗಿನಲ್ಲಿ ಆಫ್ರಿಕಾದ ತುದಿ ಬಳಸಿ ಹೋದದ್ದು ನಲವತ್ತು ಐವತ್ತು ವರ್ಷ ಮಾತ್ರ. ಆ ಅವಧಿಯಲ್ಲಿ ಯುರೋಪಿನ ಕೊಳ್ಳುವವರು ಹಳದಿಗೆ ತಿರುಗಿದ ಬೀಜಕ್ಕೆ ಒಗ್ಗಿಕೊಂಡರು. ಹಬೆಹಡಗಿನಲ್ಲಿ ಹಸಿರಾಗಿಯೇ ಬಂದ ಬೀಜ ನೋಡಿ ಹಳೆಯದೇ ಬೇಕೆಂದರು. ಹಡಗಿನಲ್ಲಿ ಆಗುತ್ತಿದ್ದುದನ್ನು ಗೋದಾಮಿನಲ್ಲಿ ಮಾಡುವ ರೂಢಿ ಹೀಗೆ ಬಂತೆಂದು ಕಾಫಿ ವ್ಯಾಪಾರದವರು ಹೇಳಿಕೊಂಡು ಬಂದಿದ್ದಾರೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಹಾಯಿಹಡಗು ಮುಂಗಾರಿನಲ್ಲಿ ನಮ್ಮ ಕರಾವಳಿಯಿಂದ ಹೊರಡುತ್ತಲೇ ಇರಲಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ನೈಋತ್ಯದಿಂದ ದಡದ ಕಡೆಗೇ ನುಗ್ಗುತ್ತದೆ, ಹಾಯಿ ಬಿಚ್ಚಿದರೆ ಹಡಗು ಬಂಡೆಗೇ ಹೋಗಿ ಬೀಳುತ್ತದೆ. ಮಂಗಳೂರಿನ ಹಳೆ ಬಂದರು ನೇತ್ರಾವತಿ, ಗುರುಪುರ ನದಿಗಳು ಕಡಲಿಗೆ ಸೇರುವ ಅಳಿವೆಯ ಒಳಗಿದೆ. ಮಳೆಗಾಲದಲ್ಲಿ ಎರಡೂ ನದಿ ತುಂಬಿ ಹರಿದು ಮರಳು ತಂದು ಬಾಯಲ್ಲಿ ಸುರಿಯುತ್ತವೆ, ಎದುರಿನಿಂದ ಅಲೆ ಹೊಡೆಯುತ್ತದೆ, ಮರಳದಿಬ್ಬ ಜಾಗ ಬದಲಿಸುತ್ತದೆ. ತುಳುನಾಡಿನ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಕಡಲಿನ ಕೆಲಸ ಮುಚ್ಚುತ್ತಿತ್ತು. ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದ ಮೇಲೆಯೇ ಮತ್ತೆ ಶುರು. ಇದು ಬರಿಯ ಸಂಪ್ರದಾಯ ಅಲ್ಲ, ಬಂದರಿನ ವೇಳಾಪಟ್ಟಿಯೇ ಅದು.

ಹಾಗಾದರೆ ಬೀಜ ಉಬ್ಬಿದ್ದು ಎಲ್ಲಿ? ವರ್ಷದ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ. ಕಣದಲ್ಲಿ ಒಣಗಿ ಚೀಲ ಸೇರುವಾಗ ಫೆಬ್ರವರಿ. ಚಿಕ್ಕಮಗಳೂರಿನಿಂದ ಮಂಗಳೂರಿಗೆ ಸುಮಾರು 150 ಕಿಲೋಮೀಟರ್, ನಡುವೆ ಘಾಟಿ. ಹೇರೆತ್ತಿನ ಬೆನ್ನ ಮೇಲೆ ಎರಡು ಬದಿ ಸೇರಿ ನೂರು ನೂರಹತ್ತು ಕಿಲೋ, ದಿನಕ್ಕೆ ಹದಿನೈದು ಕಿಲೋಮೀಟರ್ ನಡೆದರೆ ಹತ್ತು ದಿನ. ಇವತ್ತು ಇಪ್ಪತ್ತು ಅಡಿ ಕಂಟೈನರಿಗೆ 60 ಕಿಲೋದ 320 ಚೀಲ ಹಿಡಿಯುತ್ತದೆ, ಅಂದರೆ 19.2 ಟನ್. ಅಷ್ಟು ಮಾಲು ಘಾಟಿ ಇಳಿಸಲು ನೂರೆಂಬತ್ತು ಎತ್ತು ಬೇಕು. ಮಳೆ ಹಿಡಿದರೆ ಘಾಟಿಯಲ್ಲಿ ಎತ್ತಿನ ಕಾಲು ನಿಲ್ಲುವುದಿಲ್ಲ, ಹಳ್ಳ ದಾಟುವಂತಿಲ್ಲ, ಜಿಗಣೆ ಬೇರೆ. ಹಾಗಾಗಿ ವರ್ಷದ ಸರಕೆಲ್ಲ ಮೂರು ನಾಲ್ಕು ತಿಂಗಳ ಒಳಗೆ ತಡಿಗೆ ಬಂದು ಬೀಳಬೇಕು. ಕಡಲು ಮುಚ್ಚುವ ಮೊದಲು ಹಡಗು ಸಿಕ್ಕಿದ ಚೀಲ ಹೋಯಿತು. ಸಿಗದೆ ಹೋದದ್ದು ಮಳೆಗಾಲವಿಡೀ ಬಂದರಿನ ಬಂಡಸಾಲೆಯಲ್ಲೇ, ಅಂದರೆ ಗೋದಾಮಿನಲ್ಲೇ, ಕೂರಬೇಕು. ಬೀಜಕ್ಕೆ ಮುಂಗಾರಿನ ಗಾಳಿ ತಾಗಿದ್ದು ಅಲ್ಲಿ, ನಡುಗಡಲಿನಲ್ಲಲ್ಲ.

ಹೋದ ಚೀಲಕ್ಕೂ ತೇವ ತಪ್ಪಲಿಲ್ಲ, ಆದರೆ ಆ ದಾರಿ ಬೇರೆ. ಮಂಗಳೂರಿನ ಧಕ್ಕೆಗೆ ದೊಡ್ಡ ಹಡಗು ಬರುವಷ್ಟು ಆಳ ಇರಲಿಲ್ಲ. ಹಡಗು ಹೊರಗೆ ಲಂಗರು ಹಾಕಿ ನಿಲ್ಲುತ್ತಿತ್ತು. ಚೀಲ ಮಂಜಿ ಎಂಬ ಸರಕಿನ ದೋಣಿಗೆ ಏರಿ, ಅಳಿವೆ ದಾಟಿ, ಹಡಗಿನ ಪಕ್ಕಕ್ಕೆ ಹೋಗಿ ಮೇಲೇರಬೇಕು. ಅಲ್ಲಿಗೇ ಒಂದು ಸಲ ಉಪ್ಪುನೀರಿನ ಸಿಂಪರಣೆ. ಆಮೇಲೆ ಮರದ ಹೊಟ್ಟೆಯೊಳಗೆ ನಾಲ್ಕರಿಂದ ಆರು ತಿಂಗಳು, ಎರಡು ಸಲ ಭೂಮಧ್ಯರೇಖೆ ದಾಟಬೇಕು. ಹಿಂದೂ ಮಹಾಸಾಗರದಲ್ಲಿ ಒಂದು, ಅಟ್ಲಾಂಟಿಕ್‌ನಲ್ಲಿ ಇನ್ನೊಂದು. ಬಿಸಿ ತೇವದ ಗಾಳಿ ಒಳಗೆ ತುಂಬಿಕೊಂಡ ಹಡಗು ತಣ್ಣನೆಯ ನೀರಿಗೆ ಹೋದಾಗ ಒಳಗೋಡೆ ಬೆವರುತ್ತದೆ, ಆ ಹನಿ ಚೀಲದ ಮೇಲೆ ಇಳಿಯುತ್ತದೆ. ತಳದಲ್ಲಿ ನಿಂತ ಕೊಳೆನೀರು ಇನ್ನೊಂದು ಕಾಟ. ಅದಕ್ಕೇ ಅಡಿಗೆ ಹಲಗೆ, ಬದಿಗೆ ಚಾಪೆ ಹಾಸಿ ಸರಕು ಜೋಡಿಸುತ್ತಿದ್ದರು. ಜೋಡಿಸುವವನು ಸೋಮಾರಿಯಾದರೆ ಕೆಳಸಾಲಿನ ಚೀಲ ಕೊಳೆತು ಹೋಗುತ್ತಿತ್ತು. ಹಡಗಿನಲ್ಲಿ ಬಂದ ಕಾಫಿಯೆಲ್ಲ ಒಂದೇ ಹದಕ್ಕೆ ‘ಮಾಗಿತು’ ಎಂಬಂತೆ ಬರೆಯುವ ಲೇಬಲ್‌ಗಳು ಈ ಕೊಳೆತ ಸಾಲನ್ನು ಮರೆತಿವೆ. ಗೋದಾಮಿನವರು ಹಡಗಿನಿಂದ ಕಲಿತದ್ದು ತೇವದ ಗುಣ. ಹದ ಅವರದೇ.

ಬಂದರು ಎಂದರೆ ಹಡಗು ನಿಲ್ಲುವ ಜಾಗ ಅಂತ ಮಾತ್ರ ತಿಳಿದರೆ ಈ ಬೀಜ ಅರ್ಥವಾಗುವುದಿಲ್ಲ. ಹಳೆಯ ಬಂದರಿನ ಮುಖ್ಯ ಕೆಲಸ ಸರಕನ್ನು ಕಾದಿರಿಸುವುದು: ಘಾಟಿಯ ಋತು ಒಂದು, ಗಾಳಿಯ ಋತು ಇನ್ನೊಂದು, ಎರಡರ ನಡುವೆ ಸರಕು ಕೆಡದಂತೆ, ಕಳುವಾಗದಂತೆ, ತೂಕ ತಪ್ಪದಂತೆ ಇಟ್ಟುಕೊಳ್ಳುವುದು. ಕಾಯುವ ಕಾಲಕ್ಕೆ ಸಾಲ ಬೇಕು, ಸಾಲಕ್ಕೆ ನಂಬಿಕೆಯ ಆಳು ಬೇಕು. ಇದು ಕಾಫಿಗಿಂತ ಬಹಳ ಹಳೆಯ ವ್ಯವಸ್ಥೆ. ಬೇಲೂರಿನಲ್ಲಿ ವಿಷ್ಣುವರ್ಧನ ಚೆನ್ನಕೇಶವ ದೇವಾಲಯ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅವನು ಇನ್ನೂ ಆಳುತ್ತಿದ್ದಾಗಲೇ ಬಂದು, 1132ರಿಂದ 1149ರವರೆಗೆ, ಟ್ಯುನೀಸಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಕರಾವಳಿಯಲ್ಲಿ, ಹೆಚ್ಚಾಗಿ ಮಂಗಳೂರಿನಲ್ಲಿ, ನೆಲೆಸಿ ಮೆಣಸು, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ, ಕಂಚಿನ ಪಾತ್ರೆ ಎರಕ ಹಾಕಿಸುತ್ತಿದ್ದ. ಯೆಮೆನ್‌ನ ಏಡನ್ ಬಂದರಿನಲ್ಲಿ ಅವನ ವ್ಯವಹಾರ ನೋಡುತ್ತಿದ್ದವನು ಮದ್ಮೂನ್. ಅವರ ಪತ್ರಗಳು ಕೈರೋದ ಹಳೆ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಒಂದರ ಕಾಗದದ ರಾಶಿಯಲ್ಲಿ ಉಳಿದು ಬಂದಿವೆ. ಯಾವ ಹಡಗಿನಲ್ಲಿ ಎಷ್ಟು ಮೆಣಸು ಬಂತು, ಯಾವ ಹಡಗು ಮುಳುಗಿತು, ಯಾರ ಬಾಕಿ ಎಷ್ಟು, ಬದಲಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಏನೇನು ಕಳಿಸಿದೆ, ಎಲ್ಲ ಅದರಲ್ಲಿದೆ. ಸರಕನ್ನು ಒಂದೇ ಹಡಗಿಗೆ ಹಾಕದೆ ಹಂಚಿ ಕಳಿಸುವುದು ಆ ಕಾಲದ ವಿಮೆ. ಸುಮಾರು ಎರಡು ಶತಮಾನ ಕಳೆದು ಬಂದ ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತ ಕೂಡ ಮಂಗಳೂರನ್ನು ಇರಾನಿನ ಫಾರ್ಸ್, ಯೆಮೆನ್ ವರ್ತಕರು ಇಳಿಯುವ, ಮೆಣಸು ಶುಂಠಿ ಹೇರಳವಾದ ಊರೆಂದೇ ಬರೆದಿದ್ದಾನೆ. ಮೋಖಾದಲ್ಲೂ ಇದೇ ನಡೆ: ಕಾಫಿಯ ಸಂತೆ ಒಳನಾಡಿನ ಬೈತ್ ಅಲ್-ಫಕೀಹ್‌ನಲ್ಲಿ, ಅಲ್ಲಿಂದ ಒಂಟೆಯ ಮೇಲೆ ತಡಿಗೆ, ತಡಿಯಿಂದ ದೋಣಿಯಲ್ಲಿ ಹೊರಗೆ ನಿಂತ ಹಡಗಿಗೆ. ಪೊಟ್ಟಣದ ಮೇಲೆ ಹಡಗಿನ ಬದಲು ಬಂಡಸಾಲೆಯ ಚಿತ್ರ ಹಾಕಿದ್ದರೆ ಹೆಚ್ಚು ಸರಿಯಿತ್ತು. ಮಾರಾಟ ಆಗುತ್ತಿರಲಿಲ್ಲ, ಅದು ಬೇರೆ ಮಾತು.

ಈಗ ಲೋಟಕ್ಕೆ ಬರೋಣ. ರುಚಿಯಲ್ಲಿ ಹುಳಿ ಬಹುತೇಕ ಇಲ್ಲ. ಬಾಯಿ ತುಂಬುವ ದಪ್ಪ, ಸ್ವಲ್ಪ ಮಣ್ಣು, ಸ್ವಲ್ಪ ಹಳೆ ಮರದ ಪೆಟ್ಟಿಗೆಯ ಪರಿಮಳ. ಬಾಬಾಬುಡನ್‌ಗಿರಿ ಅರೇಬಿಕಾದ ಚುರುಕು ಇಷ್ಟಪಡುವವರಿಗೆ ಇದು ಸಪ್ಪೆ ಅನ್ನಿಸುತ್ತದೆ. ಖಾಲಿ ಹೊಟ್ಟೆಗೆ ಹುಳಿ ಕಾಫಿ ಆಗದವರಿಗೆ, ಹಾಲು ಹಾಕಿ ಕುಡಿಯುವವರಿಗೆ ಚೆನ್ನಾಗಿ ಹೊಂದುತ್ತದೆ. ಎಸ್ಪ್ರೆಸೊ ಯಂತ್ರದವರು ಇದನ್ನು ಹುಡುಕಿಕೊಂಡು ಬರುವುದೂ ಆ ದಪ್ಪಕ್ಕೇ.

ಫಿಲ್ಟರ್‌ನಲ್ಲಿ ಬಹಳ ಮಂದಿ ಎಡವುವುದು ಅಳತೆಯಲ್ಲಿ. ಬೀಜ ಉಬ್ಬಿ ಹಗುರಾಗಿದೆ, ಆದ್ದರಿಂದ ಪುಡಿಯೂ ಹಗುರ. ಪ್ಲಾಂಟೇಶನ್‌ಗೆ ಹಾಕುವಷ್ಟೇ ಚಮಚ ಹಾಕಿದರೆ ತೂಕದಲ್ಲಿ ಕಮ್ಮಿ ಬೀಳುತ್ತದೆ, ಡಿಕಾಕ್ಷನ್ ನೀರಾಗುತ್ತದೆ, ‘ಇಷ್ಟು ದುಡ್ಡು ಕೊಟ್ಟರೂ ಸ್ಟ್ರಾಂಗ್ ಇಲ್ಲ’ ಎಂಬ ದೂರು ಬರುತ್ತದೆ. ಚಮಚ ಬಿಟ್ಟು ತಕ್ಕಡಿ ಹಿಡಿಯಿರಿ: 20 ಗ್ರಾಂ ಪುಡಿಗೆ 150 ಮಿಲಿಲೀಟರ್ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರು ಹಿಡಿದುಕೊಳ್ಳುವುದರಿಂದ ಕೆಳಗೆ ಇಳಿಯುವುದು 110 ಮಿಲಿಲೀಟರ್ ಆಸುಪಾಸು. ನೀರು ಕುದಿದು ಅರ್ಧ ನಿಮಿಷ ಬಿಟ್ಟು ಹಾಕಿ. ಒತ್ತುಬಿಲ್ಲೆಯನ್ನು ಸುಮ್ಮನೆ ಕೂರಿಸಿ, ಅದುಮಬೇಡಿ. ಈ ಪುಡಿಯಲ್ಲಿ ಹೊಟ್ಟು ಹೆಚ್ಚು, ಅದುಮಿದರೆ ತೂತು ಕಟ್ಟಿ ಡಿಕಾಕ್ಷನ್ ಇಳಿಯುವುದೇ ಇಲ್ಲ.

ಚಿಕೋರಿ ಹಾಕುವವರಿಗೆ: ಮಣ್ಣಿನ ಗುಣ, ದಪ್ಪ ಎರಡೂ ಬೀಜದಲ್ಲೇ ಇವೆ. ಶೇಕಡಾ 30 ಚಿಕೋರಿ ಬೆರೆಸಿದರೆ ಕೊಟ್ಟ ಹೆಚ್ಚಿನ ದುಡ್ಡು ಚಿಕೋರಿಯ ಹಿಂದೆ ಮುಚ್ಚಿಹೋಗುತ್ತದೆ. ಬೇಕೇ ಬೇಕೆಂದರೆ 10ಕ್ಕೆ ನಿಲ್ಲಿಸಿ. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಒಳ್ಳೆ ಜೋಡಿ ಪೀಬೆರಿ: 60 ಭಾಗ ಪೀಬೆರಿ, 40 ಭಾಗ ಇದು. ಆದರೆ ಎರಡನ್ನೂ ಬೇರೆ ಬೇರೆ ಹುರಿದು ಆಮೇಲೆ ಬೆರೆಸಬೇಕು. ಅಂಗಡಿಯವರು ಕೆಲಸ ಉಳಿಸಲು ಒಟ್ಟಿಗೇ ಡ್ರಮ್ಮಿಗೆ ಹಾಕುವುದುಂಟು. ಗಟ್ಟಿ ಪೀಬೆರಿ ಒಳಗೆ ಬೇಯುವಷ್ಟರಲ್ಲಿ ಮೆದು ಬೀಜ ಕರಕಲಾಗಿರುತ್ತದೆ.

ಹುರಿಯುವವರು ಗಮನಿಸಬೇಕಾದ್ದು ಇನ್ನೂ ಇದೆ. ಹಸಿ ಬೀಜವೇ ಹಳದಿ ಇರುವುದರಿಂದ ಬಣ್ಣ ನೋಡಿ ಹದ ಹೇಳುವುದು ಕಷ್ಟ. ಬೀಜ ಕಾದು ಬಿರಿಯುವ ಮೊದಲ ಸಿಡಿತದ ಸದ್ದು ಮೆಲ್ಲಗಿರುತ್ತದೆ, ಕಿವಿಗೊಟ್ಟು ಕೇಳಬೇಕು. ಡ್ರಮ್ಮು ತೀರಾ ಕಾದಾಗ ಸುರಿದರೆ ಹೊರಮೈ ಸೀದು ಒಳಗೆ ಹಸಿ ಉಳಿಯುತ್ತದೆ, ಆದ್ದರಿಂದ ಉರಿ ಸ್ವಲ್ಪ ತಗ್ಗಿಸಿ ಶುರುಮಾಡಿ. ಎರಡನೇ ಸಿಡಿತ ಶುರುವಾಗುವ ಮೊದಲೇ ಇಳಿಸಿ. ಅದನ್ನು ದಾಟಿದರೆ ಎಣ್ಣೆ ಹೊರಬಂದು ಬೂದಿಯ ರುಚಿ ಹತ್ತುತ್ತದೆ. ತೇವ ಹೆಚ್ಚಿರುವ ಕಾರಣ ಕಿಲೋ ಹುರಿದರೆ ಪ್ಲಾಂಟೇಶನ್‌ಗಿಂತ 30–40 ಗ್ರಾಂ ಹೆಚ್ಚು ನಷ್ಟವಾಗುತ್ತದೆ. ಹುರಿದ ಬೀಜದ ಬೆಲೆ ಇನ್ನಷ್ಟು ಏರುವುದಕ್ಕೆ ಇದೂ ಒಂದು ಕಾರಣ.

ಕೊಳ್ಳುವಾಗ ಎಚ್ಚರ ಬೇಕಾದ್ದು ಮುಖ್ಯವಾಗಿ ಹಳೆ ಬೀಜದ ವಿಷಯದಲ್ಲಿ. ಒಂದೆರಡು ವರ್ಷ ಗೋದಾಮಿನಲ್ಲಿ ಉಳಿದ ಸಾಮಾನ್ಯ ಬೀಜವೂ ಬಣ್ಣ ಕಳೆದುಕೊಂಡು ಬಿಳಿಚುತ್ತದೆ, ಅದನ್ನು ಮಾನ್ಸೂನ್ಡ್ ಎಂದು ದಾಟಿಸಲು ಬಹಳ ಕಷ್ಟವಿಲ್ಲ. ಗುರುತಿಸುವುದು ಸುಲಭ: ಹಳೆ ಬೀಜ ಬಿಳಿಚಿರುತ್ತದೆ, ಉಬ್ಬಿರುವುದಿಲ್ಲ, ಸೀಳು ಮುಚ್ಚಿಕೊಂಡೇ ಇರುತ್ತದೆ, ಗೋಣಿಯ ವಾಸನೆ ಹೊಡೆಯುತ್ತದೆ. ಅನುಮಾನ ಬಂದರೆ ಒಂದೇ ಲೋಟದಲ್ಲಿ ಪ್ಲಾಂಟೇಶನ್ ಎ ಮತ್ತು ಇದನ್ನು ತಲೆತಟ್ಟಿ ಅಳೆದು ತೂಗಿ. ನಿಜವಾದದ್ದು ಎದ್ದು ಕಾಣುವಷ್ಟು ಹಗುರ ತೂಗಬೇಕು. ಸೂಜಿಮೊನೆಯಂಥ ತೂತು ಇರುವ ಬೀಜ ಹಿಡಿಯಲ್ಲಿ ಮೂರು ನಾಲ್ಕು ಕಂಡರೆ ಬೇಡವೆನ್ನಿ. ಮೆದುವಾದ ತೇವದ ಬೀಜ ಗೋದಾಮಿನ ಹುಳಕ್ಕೆ ಬಲು ಇಷ್ಟ, ಹೊಗೆ ಸರಿಯಾಗಿ ಹಾಕಿಲ್ಲ ಅಂತ ಅರ್ಥ. ಉಬ್ಬಿದ್ದು ಉಬ್ಬದ್ದು ಕಲೆತಿದ್ದರೆ ಕೈ ಆರಿಸುವಿಕೆ ಕಳಪೆ, ಹುರಿದಾಗ ಚುಕ್ಕೆ ಚುಕ್ಕೆಯಾಗುತ್ತದೆ. ಪುಡಿ ಮಾಡಿಟ್ಟ ಪೊಟ್ಟಣದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಹಾಗಾಗಿ ಪುಡಿ ಕೊಳ್ಳಬೇಡಿ. ಬೀಜ ತೋರಿಸಿ, ಕಣ್ಣೆದುರು ಅರೆದು ಕೊಡುವ ಅಂಗಡಿ ನಮ್ಮೂರಲ್ಲಿ ಬೇಕಾದಷ್ಟಿವೆ. ‘ಮಾನ್ಸೂನ್ಡ್ ರೊಬಸ್ಟಾ’ ಎಂಬುದು ಬೇರೆ ಮಾಲು, ಬೆಲೆ ಕಮ್ಮಿ ಇರಬೇಕು. ಪೊಟ್ಟಣದ ಮೇಲೆ ಬರೀ ‘ಮಾನ್ಸೂನ್ಡ್’ ಎಂದಿದ್ದರೆ ಯಾವುದು ಎಂದು ಕೇಳಿ.

ಮನೆಯಲ್ಲಿ ಇಡುವಾಗ ಮೆಣಸು, ಏಲಕ್ಕಿ ಡಬ್ಬದಿಂದ ದೂರ ಇಡಿ. ತೋಟದವರ ಮನೆಯಲ್ಲಿ ಕಾಫಿ, ಮೆಣಸು ಎರಡೂ ಒಂದೇ ಉಗ್ರಾಣದಲ್ಲಿರುವುದು ಮಾಮೂಲು. ಒಣಗಿದ ಪ್ಲಾಂಟೇಶನ್ ತಡೆದೀತು, ಈ ಮೆದು ಬೀಜ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಹಡಗಿನ ಕಾಲದಲ್ಲೂ ಮೆಣಸಿನ ಜೊತೆ ಬಂದ ಕಾಫಿ ಕೆಟ್ಟಿತೆಂಬ ತಕರಾರು ಇದ್ದದ್ದೇ. ಹಸಿ ಬೀಜವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೇ ಬೆವರಿ ಬೂಷ್ಟು ಬರುತ್ತದೆ. ಬಟ್ಟೆಯ ಚೀಲ, ಒಣ ಜಾಗ ಸಾಕು. ಹುರಿದದ್ದಕ್ಕೆ ಮಾತ್ರ ಬಿಗಿಮುಚ್ಚಳದ ಡಬ್ಬ, ಮೂರು ವಾರದೊಳಗೆ ಮುಗಿಸಿ.

ಯಾವಾಗ ಕೊಳ್ಳುವುದು? ಗೋದಾಮಿನ ಕೆಲಸ ಸೆಪ್ಟೆಂಬರ್‌ಗೆ ಮುಗಿದು, ಆರಿಸಿ, ಚೀಲ ತುಂಬಿ, ಘಾಟಿ ಹತ್ತಿ ಬರುವಷ್ಟರಲ್ಲಿ ದೀಪಾವಳಿ ಬಂದಿರುತ್ತದೆ. ಜುಲೈ ಆಗಸ್ಟ್‌ನಲ್ಲಿ ‘ಹೊಸ ಮಾನ್ಸೂನ್ಡ್ ಬಂದಿದೆ’ ಎಂದರೆ ಅದು ಹಿಂದಿನ ವರ್ಷದ್ದೇ. ಕೆಟ್ಟಿರಬೇಕೆಂದಿಲ್ಲ, ಆದರೆ ಹೊಸ ಮಾಲಿನ ಬೆಲೆ ಕೊಡಬೇಡಿ.